ಏಳನೇ ನಂಬರಿನ ಹಸಿರು ಜ್ವಾಲೆ

ಅಧ್ಯಾಪಕ ಮಿತ್ರರೇ, ಮೊದಲು ನಿಮ್ಮ ಕೈ ಎಲ್ಲಿದೆ ನೋಡಿಕೊಳ್ಳಿ. ಈ ಹಾಳೆಯನ್ನು ಕೈಗೆತ್ತಿಕೊಂಡ ಮೇಲೆ ಅದು ಒಂದು ಸಲವಾದರೂ ಜೇಬಿನ ಕಡೆಗೋ ಬ್ಯಾಗಿನ ಕಡೆಗೋ ಹೋಗಿ ಬಂದಿದ್ದರೆ, ಈ ಕಥೆ ನಿಮ್ಮದೂ ಹೌದು. ಬೇಸರ ಬೇಡ. ನನ್ನ ಕೈ ನಿಮ್ಮದಕ್ಕಿಂತ ಕೆಟ್ಟದು.

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಹದಿನೇಳು ವರ್ಷವಾಯಿತು. ಮೊದಲ ಹನ್ನೆರಡು ವರ್ಷ ಒಳ್ಳೆಯ ಮೇಷ್ಟ್ರು ಅನ್ನಿಸಿಕೊಂಡಿದ್ದೆ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಈಗ ಹೇಳುವವರು ಯಾರೂ ಉಳಿದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಆಮೇಲೆ ಜೇಬಿಗೆ ಫೋನು ಬಂತು. ಫೋನಿಗೆ ಗುಂಪುಗಳು ಬಂದವು: ಕಾಲೇಜಿನದೊಂದು, ವಿಭಾಗದ್ದೊಂದು, ಹಳೆಯ ಸಹಪಾಠಿಗಳದೊಂದು, ನಮ್ಮ ಬೀದಿಯದೊಂದು, ಯಾರು ಯಾಕೆ ಸೇರಿಸಿದರೆಂದು ಇವತ್ತಿಗೂ ಗೊತ್ತಿಲ್ಲದ ಎರಡು. ಇದು ಸಾಲದು ಎಂಬಂತೆ ನಾನೇ ಒಂದು ಪುಟ ಶುರು ಮಾಡಿದೆ. ಒಂದು ನಿಮಿಷದಲ್ಲಿ ರಸಾಯನ ಹೇಳುವ ವಿಡಿಯೋಗಳು. ಒಂದು ನಿಮಿಷದ ವಿಡಿಯೋಗೆ ಮೂರು ಗಂಟೆ ತಯಾರಿ, ಒಂದು ಗಂಟೆಯ ಪಾಠಕ್ಕೆ ಮೂರು ನಿಮಿಷ. ಲೆಕ್ಕ ತಿರುವುಮುರುವಾಗಿದ್ದು ನನಗೆ ಗೊತ್ತೇ ಆಗಲಿಲ್ಲ.

ಪಾಠ ಮಾಡುತ್ತಿರುವಾಗ ತೊಡೆಯ ಹತ್ತಿರ ಫೋನು ಗುಂಯ್ ಅಂದರೆ ಸಾಕು, ಅರ್ಧ ಬರೆದ ಸಮೀಕರಣ ಬೋರ್ಡಿನ ಮೇಲೆ ಹಾಗೇ ನಿಲ್ಲುತ್ತಿತ್ತು. ಗುಂಯ್ ಅನ್ನದಿದ್ದರೆ ಇನ್ನೂ ಕಷ್ಟ. ಯಾಕೆ ಇನ್ನೂ ಯಾರೂ ಏನೂ ಹೇಳಿಲ್ಲ ಎಂದು ಒಳಗೊಳಗೇ ಚಡಪಡಿಕೆ. ಉತ್ತರಪತ್ರಿಕೆ ತಿದ್ದಲು ಕೂತರೆ ಪ್ರತಿ ಎರಡು ಹಾಳೆಗೊಮ್ಮೆ ಕೈ ಹೊರಡುತ್ತಿತ್ತು. ವಾರದಲ್ಲಿ ಮುಗಿಯುವ ಕಟ್ಟು ಮೂರು ವಾರ ಮೇಜಿನ ಮೇಲೆ ಧೂಳು ಹಿಡಿಯುತ್ತಿತ್ತು. ಕೇಳಿದರೆ ಕೆಲಸ ಜಾಸ್ತಿ ಅನ್ನುತ್ತಿದ್ದೆ. ಮೂಗಿನ ತುದಿಯಲ್ಲೇ ಕೋಪ ಇರುತ್ತಿದ್ದರಿಂದ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ.

ನಮ್ಮ ಪ್ರಯೋಗಶಾಲೆಯಲ್ಲಿ ಒಬ್ಬರು ಅಟೆಂಡರ್ ಇದ್ದಾರೆ. ಇಪ್ಪತ್ತಾರು ವರ್ಷದಿಂದ ಅಲ್ಲಿನ ಸೀಸೆಗಳನ್ನೆಲ್ಲ ನೋಡಿಕೊಳ್ಳುತ್ತಿರುವುದರಿಂದ ಎಲ್ಲರಿಗೂ ಅವರು ಸೀಸೆ ಅಕ್ಕ. ನಾನು ಕೆಲಸಕ್ಕೆ ಸೇರಿದ ದಿನ ಯಾವ ಆಸಿಡ್ ಎಲ್ಲಿದೆ ಎಂದು ತೋರಿಸಿಕೊಟ್ಟವರೇ ಅವರು. ಅವರು ಮಾತ್ರ ಎರಡನೇ ಸಲವೂ ಕೇಳುತ್ತಿದ್ದರು, ಮೂರನೇ ಸಲವೂ ಕೇಳುತ್ತಿದ್ದರು.

"ಸರ್, ಪ್ರಾಕ್ಟಿಕಲ್ ನಡೆಯೋವಾಗ ಅದನ್ನ ನನ್ನ ಡಬ್ಬೀಲಿ ಇಟ್ಬಿಡಿ. ಮುಗಿದ ಮೇಲೆ ತಗೊಳ್ಳಿ" ಎಂದು ಒಂದು ಖಾಲಿ ಬಿಸ್ಕತ್ತಿನ ಡಬ್ಬಿ ತೋರಿಸುತ್ತಿದ್ದರು.

ನನ್ನ ಬಳಿ ಉತ್ತರ ಸಿದ್ಧವಿರುತ್ತಿತ್ತು. ಪ್ರಿನ್ಸಿಪಾಲರ ನೋಟಿಸು ಗುಂಪಿನಲ್ಲೇ ಬರುತ್ತದೆ, ಮಕ್ಕಳ ಅನುಮಾನಗಳೂ ಅಲ್ಲೇ ಬರುತ್ತವೆ, ಇದು ಕೆಲಸಕ್ಕೇ ಬೇಕಾದ ವಸ್ತು, ನಿಮಗೆ ಗೊತ್ತಾಗುವುದಿಲ್ಲ ಅಕ್ಕ ಎನ್ನುತ್ತಿದ್ದೆ. ನಿಮಗೆ ಗೊತ್ತಾಗುವುದಿಲ್ಲ ಎಂಬ ಮಾತನ್ನು ನಾನು ಇಪ್ಪತ್ತಾರು ವರ್ಷದ ಅನುಭವಕ್ಕೆ ಹೇಳುತ್ತಿದ್ದೆ ನೋಡಿ. ಅವರು ಡಬ್ಬಿ ಮುಚ್ಚಿ ಒಳಗಿಡುತ್ತಿದ್ದರು.

ಮನೆಯಲ್ಲೂ ಇದೇ ಪಾಡು. ನನ್ನ ಅಮ್ಮ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಒಂದು ದಿನ ಊಟದ ತಟ್ಟೆಯ ಪಕ್ಕ ನನ್ನ ಫೋನು ಐದು ಸಲ ಬೆಳಗಿದ್ದನ್ನು, ಐದು ಸಲವೂ ನಾನು ಎತ್ತಿದ್ದನ್ನು ನೋಡಿ ಹೇಳಿದಳು: "ನಮ್ಮ ಬೋರ್ಡಲ್ಲಿ ದೀಪ ಹತ್ತಿದ್ರೆ ನಾನೂ ಹಿಂಗೇ ಓಡಿ ಎತ್ತುತಿದ್ದೆ ಕಣೋ. ಅದಕ್ಕೆ ನನಗೆ ಸಂಬಳ ಕೊಡ್ತಿದ್ರು. ಎಂಟು ಗಂಟೆ ಆದ್ಮೇಲೆ ಮನೆಗೂ ಕಳಿಸ್ತಿದ್ರು. ನಿನಗೆ ಎರಡೂ ಇಲ್ವಲ್ಲೋ."

ಹೆಂಡತಿ ನಕ್ಕಳು. ನಾನು ಮುಖ ಊದಿಸಿಕೊಂಡು ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋದೆ. ಫೋನನ್ನೂ ಎತ್ತಿಕೊಂಡು ಹೋದೆ ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ನಡೆದದ್ದನ್ನು ಹೇಳುತ್ತೇನೆ. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆ ನಮ್ಮಲ್ಲಿ ಎರಡು ದಿನ. ಮೊದಲ ದಿನ ಪ್ರತಿಯೊಬ್ಬರಿಗೂ ನಂಬರು ಹಾಕಿದ ಒಂದು ಪೊಟ್ಟಣ ಕೊಡುತ್ತೇವೆ. ಒಳಗಿರುವುದು ಬಿಳಿ ಪುಡಿ, ಯಾವುದೋ ಒಂದು ಲವಣ. ಅದು ಯಾವುದೆಂದು ಪರೀಕ್ಷೆ ಮಾಡಿ ಕಂಡುಹಿಡಿಯಬೇಕು. ಯಾವ ನಂಬರಿನಲ್ಲಿ ಏನಿದೆ ಎಂಬ ಪಟ್ಟಿ ಮೇಷ್ಟ್ರ ಹತ್ತಿರ ಮಾತ್ರ ಇರುತ್ತದೆ. ಎರಡನೇ ದಿನ ಬೇರೆ ಪ್ರಯೋಗ. ಎರಡರಲ್ಲಿ ಒಂದು ದಿನ ಬರದಿದ್ದರೂ ಇಡೀ ಪರೀಕ್ಷೆ ಹೋಯಿತು, ಮತ್ತೆ ಒಂದು ವರ್ಷ ಕಾಯಬೇಕು.

ಹಿಂದಿನ ಮಧ್ಯಾಹ್ನ ನಾನೂ ಸೀಸೆ ಅಕ್ಕನೂ ಪೊಟ್ಟಣ ಕಟ್ಟಲು ಕೂತೆವು. ಇದಕ್ಕೊಂದು ಹಳೆಯ ಕ್ರಮವಿದೆ. ಅಕ್ಕ ಪುಡಿ ತುಂಬಿ ನಂಬರು ಅಂಟಿಸಿ ಹೆಸರು ಕೂಗುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಹನ್ನೆರಡೂ ಮುಗಿದ ಮೇಲೆ ನಾನು ಓದುತ್ತೇನೆ, ಅಕ್ಕ ಪುಡಿ ತೆಗೆದ ಸೀಸೆ ನೋಡಿ ಹೌದು ಅನ್ನುತ್ತಾರೆ. ಓದಿ ಹೇಳುವುದು ಎನ್ನುತ್ತೇವೆ ಅದಕ್ಕೆ. ಎರಡು ನಿಮಿಷದ ಕೆಲಸ.

ಆರನೇ ಪೊಟ್ಟಣದ ಹೊತ್ತಿಗೆ ಜೇಬು ಗುಂಯ್ ಅಂದಿತು. ಹಳೆಯ ಸಹಪಾಠಿಯೊಬ್ಬ ನನ್ನ ವಿಡಿಯೋ ಕೆಳಗೆ ಬರೆದಿದ್ದ: ವಿಷಯ ಚೆನ್ನಾಗಿದೆ, ಧ್ವನಿ ಮಾತ್ರ ಸ್ವಲ್ಪ ನಿದ್ದೆ ಬರಿಸುತ್ತದೆ. ನನಗೆ ಪಿತ್ತ ನೆತ್ತಿಗೇರಿತು. ಕಾಲೇಜಿನಲ್ಲಿ ಇಡೀ ಮೂರು ವರ್ಷ ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆದವನು ನನ್ನ ಧ್ವನಿಗೆ ಅಂಕ ಕೊಡುತ್ತಾನೆ. ಉತ್ತರ ಕುಟ್ಟತೊಡಗಿದೆ. ಅಕ್ಕ ಏನೋ ಕೂಗಿದರು, ಹೂಂ ಅಂದೆ. ಇನ್ನೊಂದು ಕೂಗಿದರು, ತಲೆ ಎತ್ತದೆ ಬರೆದುಕೊಂಡೆ. ಹೀಗೇ ಒಂದು ಕೈಯಲ್ಲಿ ಜಗಳ, ಒಂದು ಕೈಯಲ್ಲಿ ಪಟ್ಟಿ. ಕೊನೆಗೆ ನೋಡಿದರೆ ಹನ್ನೆರಡನೇ ಸಾಲು ಖಾಲಿ.

"ಕಡೇದು ಯಾವುದಕ್ಕ?" ಎಂದೆ. ಅಕ್ಕ ಸತುವಿನದು ಎಂದರು. ಬರೆದೆ.

"ಓದಿ ಹೇಳಿ ಸರ್" ಎಂದು ಅಕ್ಕ ಸೀಸೆಗಳ ಮುಂದೆ ನಿಂತರು.

"ಸಾಕು ಬಿಡಿ ಅಕ್ಕ, ಹದಿನೇಳು ವರ್ಷದಿಂದ ಬರೀತಿದ್ದೀನಿ" ಎಂದು ಎದ್ದುಬಿಟ್ಟೆ. ಆ ಕಡೆಯಿಂದ ಅವನ ಮರು ಉತ್ತರ ಬಂದಿತ್ತು.

ಮಾರನೇ ದಿನ ಪರೀಕ್ಷೆ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕಿ, ಹಿರಿಯ ಮೇಡಂ, ಪಕ್ಕದ ಕೋಣೆಯಲ್ಲಿ ಮೌಖಿಕ ಪ್ರಶ್ನೆ ಕೇಳುತ್ತಿದ್ದರು. ಪ್ರಯೋಗ ನೋಡುವುದು ನನ್ನ ಜವಾಬ್ದಾರಿ. ಏಳನೇ ನಂಬರಿನ ಪೊಟ್ಟಣ ಬಂದದ್ದು ಒಬ್ಬ ಹುಡುಗಿಗೆ. ತರಗತಿಯಲ್ಲಿ ಅವಳಿಗೆ ಅಡ್ಡಹೆಸರು 'ಯಾಕೆ'. ಏನು ಹೇಳಿದರೂ ಯಾಕೆ ಸರ್ ಎಂದು ಕೇಳುವ ಹುಡುಗಿ. ಮನೆಯಲ್ಲಿ ಡಿಗ್ರಿ ತನಕ ಬಂದ ಮೊದಲನೆಯವಳು. ಒಂದು ಕಾಲದಲ್ಲಿ ಇಂಥ ಮಕ್ಕಳಿಗಾಗಿಯೇ ನಾನು ರಾತ್ರಿ ಕೂತು ಓದಿಕೊಂಡು ಬರುತ್ತಿದ್ದೆ. ಈಗ ಅವಳು ಕೈ ಎತ್ತಿದರೆ ನನಗೆ ರೇಗುತ್ತಿತ್ತು.

ಅವಳು ತಂತಿಯ ತುದಿಗೆ ಪುಡಿ ಹಚ್ಚಿ ಬರ್ನರಿನ ಜ್ವಾಲೆಗೆ ಹಿಡಿದಳು. ಬಂದು ಹೇಳಿದಳು, ತಿಳಿ ಹಸಿರು ಸರ್, ಬೇರಿಯಂ. ನಾನು ಪಟ್ಟಿ ನೋಡಿದೆ. ಏಳರ ಎದುರು ಕ್ಯಾಲ್ಸಿಯಂ ಅಂತಿತ್ತು. ಕ್ಯಾಲ್ಸಿಯಂ ಆದರೆ ಜ್ವಾಲೆ ಇಟ್ಟಿಗೆ ಕೆಂಪು ಬರಬೇಕು. ತಪ್ಪು, ಮತ್ತೆ ಮಾಡು ಎಂದೆ. ಅವಳು ತಂತಿ ತೊಳೆದು ಮತ್ತೆ ಮಾಡಿದಳು, ಮತ್ತೆ ಹಸಿರು ಎಂದಳು. ನೀವು ಒಂದು ಸಲ ಬಂದು ನೋಡಿ ಸರ್ ಎಂದೂ ಕೇಳಿದಳು. ನಾಲ್ಕು ಹೆಜ್ಜೆ ದೂರ. ಆ ಹೊತ್ತಿಗೆ ಮತ್ತೆ ಗುಂಯ್ ಅಂದಿತು. ನಾನು ಎದ್ದು ಹೋಗಲಿಲ್ಲ.

"ನಿನ್ನ ಕಣ್ಣು ಸರಿ ಇಲ್ಲ, ಅಷ್ಟೆ. ಹೋಗಿ ಕೂತ್ಕೋ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಆಶ್ಚರ್ಯವೆಂದರೆ ಎಂಟು, ಒಂಬತ್ತು, ಹತ್ತು, ಹನ್ನೊಂದನೇ ನಂಬರಿನವರೂ ಮೊದಲು ತಪ್ಪೇ ಹೇಳಿದರು. ಆದರೆ ಅವರು ಜಾಣರು. ನನ್ನ ಮುಖ ನೋಡುತ್ತಾ ಒಂದೊಂದೇ ಹೆಸರು ಹೇಳಿ, ನಾನು ಹೂಂ ಅಂದಲ್ಲಿ ನಿಂತರು, ಮೊದಲು ಬರೆದದ್ದನ್ನು ಹೊಡೆದುಹಾಕಿ ಅದನ್ನೇ ಬರೆದರು. 'ಯಾಕೆ' ಮಾತ್ರ ಬೇರಿಯಂ ಅಂತಲೇ ಬರೆದಿಟ್ಟು ಹೋದಳು. ಇಪ್ಪತ್ತಕ್ಕೆ ಸೊನ್ನೆ ಹಾಕಿದೆ. ಒಂದೇ ತಂಡದಲ್ಲಿ ಐದು ಜನ ಮೊದಲ ಸಲಕ್ಕೆ ತಪ್ಪಿದರಲ್ಲ ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಒಂದು ಗಳಿಗೆ ನನ್ನ ಹತ್ತಿರ ಇರಲಿಲ್ಲ.

ಊಟದ ಬಿಡುವಿನಲ್ಲಿ ಇನ್ನೊಂದು ಘನಕಾರ್ಯ ಮಾಡಿದೆ. ನನ್ನ ಪುಟದಲ್ಲಿ ಬರೆದೆ: ಇಂದಿನ ಪರೀಕ್ಷೆಯಲ್ಲಿ ಒಬ್ಬ ಮಹಾರಾಯಿತಿಗೆ ಇಟ್ಟಿಗೆ ಹಸಿರಾಗಿ ಕಂಡಿತು, ಮುಂದಿನ ಪೀಳಿಗೆಯ ವಿಜ್ಞಾನಿಗಳಿಗೆ ನಮಸ್ಕಾರ. ಹೆಸರು ಹಾಕಲಿಲ್ಲ, ಹಾಗಾಗಿ ತಪ್ಪಿಲ್ಲ ಎಂದುಕೊಂಡೆ. ಹನ್ನೆರಡು ಜನರ ತಂಡದಲ್ಲಿ ಅದು ಯಾರೆಂದು ಯಾರಿಗೆ ಗೊತ್ತಾಗುವುದಿಲ್ಲ? ಸಂಜೆಯೊಳಗೆ ನಾನೂರ ಹನ್ನೆರಡು ಜನ ಮೆಚ್ಚಿದ್ದರು. ಧ್ವನಿ ನಿದ್ದೆ ಬರಿಸುತ್ತದೆ ಎಂದವನೂ ನಗುವ ಮುಖ ಹಾಕಿದ್ದ. ಮನೆಗೆ ಹೋಗಿ ಹೆಂಡತಿಗೆ ತೋರಿಸಿದೆ. ಅವಳು ಓದಿ ಫೋನು ವಾಪಸು ಕೊಟ್ಟಳು.

"ಆ ಹುಡುಗಿಯೂ ಇದನ್ನ ಓದಿರ್ತಾಳಲ್ವಾ?" ಎಂದಳು.

ನಾನು ಫೋನು ಹಿಡಿದು ಎದ್ದುಹೋದೆ. ಆಮೇಲೆ ಎಣಿಕೆ ಏರುವುದನ್ನು ನೋಡುತ್ತಾ ಕೂತೆನಾದರೂ ಒಳಗೆ ಏನೋ ಕೊರೆಯತೊಡಗಿತ್ತು. ಆ ಕೊರೆತ ತಡೆಯಲಾಗದೆ ಮತ್ತೆ ಮತ್ತೆ ಫೋನನ್ನೇ ನೋಡಿದೆ.

ಎರಡನೇ ದಿನ ಒಂಬತ್ತು ಗಂಟೆಗೆ ಹೋದರೆ ಸೀಸೆ ಅಕ್ಕ ಪ್ರಯೋಗಶಾಲೆಯ ಬಾಗಿಲಲ್ಲೇ ನಿಂತಿದ್ದರು. ಮುಖ ಬಿಗಿದಿತ್ತು. 'ಯಾಕೆ' ಇವತ್ತು ಬರುವುದಿಲ್ಲವಂತೆ ಎಂದರು. ನಿನ್ನೆ ಸಂಜೆಯೇ ತರಗತಿಯ ಗುಂಪಿನಿಂದ ಹೊರಗೆ ಹೋಗಿದ್ದಾಳೆ, ಗೆಳತಿಯರು ಮನೆಗೆ ಹೋದರೆ ಇನ್ನು ಕಾಲೇಜು ಬೇಡ ಎಂದುಬಿಟ್ಟಿದ್ದಾಳೆ. ಹತ್ತು ಗಂಟೆಗೆ ಪರೀಕ್ಷೆ ಶುರು. ಹತ್ತೂವರೆ ದಾಟಿದರೆ ಒಳಗೆ ಬಿಡುವ ಹಾಗಿಲ್ಲ.

"ಅವಳಿಗೆ ಬಂದಿದ್ದು ಯಾವ ನಂಬರು ಸರ್?" ಎಂದು ಕೇಳಿದರು. ಏಳು ಎಂದೆ. ಅಕ್ಕ ಒಳಗೆ ಹೋಗಿ ಆ ಬಿಸ್ಕತ್ತಿನ ಡಬ್ಬಿ ತಂದರು. ಪರೀಕ್ಷೆಯ ಪೊಟ್ಟಣ ಕಟ್ಟುವಾಗ ಪ್ರತಿ ನಂಬರಿನದೂ ಒಂದು ಚಿಟಿಕೆ ಪುಡಿ ಬೇರೆ ಕಾಗದದಲ್ಲಿ ಮಡಚಿ, ಅಂಕ ಕಳಿಸುವ ತನಕ ಇಟ್ಟುಕೊಳ್ಳುವುದು ಅವರ ಪದ್ಧತಿ. ಯಾರೂ ಹೇಳಿಕೊಟ್ಟದ್ದಲ್ಲ. ಏಳನೇ ಚೀಟಿ ನನ್ನ ಕೈಗಿತ್ತರು.

"ನಾನು ಓದಿದವಳಲ್ಲ. ನೀವೇ ನೋಡಿ ಹೇಳಿ" ಎಂದರು.

ನಾನೇ ಬರ್ನರ್ ಹಚ್ಚಿದೆ. ತಂತಿ ತೊಳೆದೆ. ಪುಡಿ ಹಚ್ಚಿ ಜ್ವಾಲೆಗೆ ಹಿಡಿದೆ. ತಿಳಿ ಹಸಿರು. ಮತ್ತೆ ತೊಳೆದು ಮತ್ತೆ ಹಿಡಿದೆ. ಅದೇ ಹಸಿರು. ಎಂಟನೇ ಚೀಟಿ ಬಿಚ್ಚಿದೆ, ಇಟ್ಟಿಗೆ ಕೆಂಪು. ಆಗ ಪಟ್ಟಿ ತೆಗೆದು ನೋಡಿದೆ. ಅಕ್ಕ ಏಳನೆಯದರ ಹೆಸರು ಕೂಗಿದ್ದು ನನ್ನ ಕಿವಿಗೇ ಬಿದ್ದಿರಲಿಲ್ಲ. ಎಂಟರದನ್ನು ಏಳಕ್ಕೆ, ಒಂಬತ್ತರದನ್ನು ಎಂಟಕ್ಕೆ, ಹೀಗೆ ಹನ್ನೊಂದರ ತನಕ ಒಂದೊಂದು ಸಾಲು ಮೇಲಕ್ಕೆ ಬರೆದುಕೊಂಡು ಹೋಗಿದ್ದೆ. ಸತುವಿನ ಹೆಸರು ಎರಡು ಸಲ ಕಣ್ಣಿಗೆ ರಾಚುವ ಹಾಗೆ ಕೂತಿತ್ತು.

ಹುಡುಗಿ ಸರಿಯಾಗಿಯೇ ನೋಡಿದ್ದಳು. ಐದು ಜನರೂ ಸರಿಯಾಗಿಯೇ ನೋಡಿದ್ದರು. ನಾಲ್ಕು ಜನ ನನಗಾಗಿ ಸುಳ್ಳು ಬರೆದರು, ಅವರಿಗೆ ಪೂರ್ತಿ ಅಂಕ. ಒಬ್ಬಳು ಕಂಡದ್ದನ್ನು ಬರೆದಳು, ಅವಳಿಗೆ ಸೊನ್ನೆ. ಹದಿನೇಳು ವರ್ಷದಿಂದ ನಾನು ಹೇಳಿಕೊಟ್ಟ ರಸಾಯನಶಾಸ್ತ್ರವೆಲ್ಲ ಆ ಒಂದು ಹಾಳೆಯ ಮೇಲೆ ನನ್ನನ್ನು ನೋಡಿ ನಗುತ್ತಿತ್ತು. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಅಕ್ಕ ಬೀರುವಿನ ಪಕ್ಕದ ಗೋಡೆ ತೋರಿಸಿದರು. ಸೀಮೆಸುಣ್ಣದಲ್ಲಿ ಸಣ್ಣ ಸಣ್ಣ ಗೆರೆಗಳು. ನಿನ್ನೆ ಪರೀಕ್ಷೆ ನಡೆದ ಮೂರು ಗಂಟೆಯಲ್ಲಿ ನಾನು ಫೋನು ತೆಗೆದ ಲೆಕ್ಕವಂತೆ. ಮೂವತ್ತೊಂದು.

"ನಾನು ದೂರು ಕೊಡೋಕೆ ಎಣಿಸಿದ್ದಲ್ಲ. ನೀವು ಮೊದಲು ಹಿಂಗಿರಲಿಲ್ಲ ಸರ್, ನನಗೆ ಹೊಟ್ಟೆ ಉರೀತು, ಅದಕ್ಕೆ" ಎಂದರು. ಆಮೇಲೆ ಗೋಡೆಯ ಗಡಿಯಾರ ನೋಡಿ, "ಈಗ ನಿಂತ್ಕೊಂಡು ಪಶ್ಚಾತ್ತಾಪ ಪಡೋಕೆ ಟೈಮಿಲ್ಲ. ಹೊರಡಿ" ಎಂದರು.

ನಾನು ಜೇಬಿನಿಂದ ಫೋನು ತೆಗೆದೆ. ಮೊದಲು ಆ ಬರಹ ಅಳಿಸಿದೆ. ಆಮೇಲೆ ಫೋನನ್ನು ಡಬ್ಬಿಗೆ ಹಾಕಿ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ಎರಡು ಸಲ ತೊಡೆ ಗುಂಯ್ ಅಂದ ಹಾಗಾಯಿತು. ಫೋನೇ ಇಲ್ಲದ ಜೇಬು ಹೇಗೆ ಗುಂಯ್ ಅನ್ನುತ್ತದೆ ಹೇಳಿ. ನನ್ನ ಕಾಯಿಲೆ ಎಷ್ಟು ಬೆಳೆದಿದೆ ಎಂದು ಆಗ ತಿಳಿಯಿತು.

ಹುಡುಗಿಯ ಅಪ್ಪನದು ಕ್ಷೌರದಂಗಡಿ. ಎರಡು ಕುರ್ಚಿ, ಎದುರು ಉದ್ದದ ಕನ್ನಡಿ. ಅವರು ಒಬ್ಬರಿಗೆ ಗಡ್ಡ ಮಾಡುತ್ತಿದ್ದರು. ಕತ್ತಿ ಗಿರಾಕಿಯ ಗಂಟಲಿನ ಹತ್ತಿರ ಇತ್ತು. ಹುಡುಗಿ ಮೂಲೆಯ ಸ್ಟೂಲಿನ ಮೇಲೆ ಕೂತು ಟವೆಲು ಮಡಚುತ್ತಿದ್ದಳು. ಕನ್ನಡಿಯಲ್ಲಿ ನನ್ನನ್ನು ನೋಡಿ ಎದ್ದು ನಿಂತಳು. ಅಪ್ಪ ತಿರುಗಲಿಲ್ಲ. ಕೂತ್ಕೊಳ್ಳಿ ಸರ್, ಒಂದು ನಿಮಿಷ ಎಂದರು, ಕತ್ತಿಯಿಂದ ಕಣ್ಣು ತೆಗೆಯದೆ. ಅಷ್ಟರಲ್ಲಿ ಮೇಜಿನ ಡ್ರಾಯರಿನೊಳಗೆ ಅವರ ಫೋನು ಹೊಡೆದುಕೊಳ್ಳತೊಡಗಿತು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಶುರುವಾಯಿತು. ನನ್ನ ಕೈ ಬೆರಳುಗಳು ತಾವಾಗಿ ಆಡಿದವು. ಅವರ ಕೈ ಅಲುಗಲಿಲ್ಲ.

"ಫೋನು" ಎಂದೆ, ಸುಮ್ಮನಿರಲಾಗದೆ.

"ಕತ್ತಿ ಕೈಲಿದ್ದಾಗ ನಾನು ಎತ್ತಲ್ಲ ಸರ್. ಬೇಕಾದೋರು ಮತ್ತೆ ಮಾಡ್ತಾರೆ" ಎಂದರು.

ಅವರು ಅದನ್ನು ನನಗೆ ಚುಚ್ಚಲು ಹೇಳಲಿಲ್ಲ. ತಮ್ಮ ಕಸುಬಿನ ಮಾತು ಹೇಳಿದರು ಅಷ್ಟೆ. ಆದರೆ ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. ನಿನ್ನೆ ನನ್ನ ಕೈಯಲ್ಲೂ ಕತ್ತಿ ಇತ್ತು. ಕುರ್ಚಿಯಲ್ಲಿ ಕೂತಿದ್ದವಳು ಅವರ ಮಗಳು.

ನಾನು ಕೂರಲಿಲ್ಲ. ಹುಡುಗಿಯ ಮುಂದೆ ಹೋಗಿ ನಿಂತೆ. ಗಿರಾಕಿ ಇದ್ದಾನೆ, ಅಪ್ಪ ಕೇಳಿಸಿಕೊಳ್ಳುತ್ತಿದ್ದಾರೆ, ಹೊರಗೆ ಕರೆದು ಹೇಳಲೇ ಅನ್ನಿಸಿತು. ನಾನು ಅವಳನ್ನು ಎಲ್ಲರೆದುರು ಅಂದಿದ್ದೆ. ಎಲ್ಲರೆದುರೇ ಹೇಳಬೇಕು.

"ಏಳನೇ ಪೊಟ್ಟಣ ನಾನೇ ಹಚ್ಚಿ ನೋಡ್ದೆ. ಹಸಿರು. ನೀನು ಸರಿ, ನಾನು ತಪ್ಪು."

ಅವಳು ನನ್ನ ಮುಖವನ್ನೇ ನೋಡಿದಳು. ಕಣ್ಣು ತುಂಬಿತ್ತು, ಆದರೆ ಅಭ್ಯಾಸ ಬಿಡಲಿಲ್ಲ.

"ಯಾಕೆ ಸರ್?" ಎಂದಳು. "ಯಾಕೆ ಹಾಗಾಯ್ತು?"

ನನ್ನ ಬಾಯಲ್ಲಿ ಹತ್ತು ಕಾರಣ ಇದ್ದವು. ಕೆಲಸದ ಒತ್ತಡ, ಗಡಿಬಿಡಿ, ಪಟ್ಟಿ ಹೆಚ್ಚುಕಡಿಮೆ ಆಯಿತು. ಒಂದೂ ಹೊರಗೆ ಬರಲಿಲ್ಲ.

"ಪಟ್ಟಿ ಬರೆಯೋವಾಗ ಫೋನ್ ನೋಡ್ತಿದ್ದೆ" ಎಂದೆ. "ನೀನು ಬಂದು ನೋಡಿ ಅಂತ ಕರೆದಾಗಲೂ ಫೋನ್ ನೋಡ್ತಿದ್ದೆ."

ಅಂಗಡಿಯಲ್ಲಿ ಕತ್ತಿಯ ಸದ್ದು ನಿಂತಿತು. ಹುಡುಗಿ ಟವೆಲಿನ ಅಂಚು ಹಿಂಡುತ್ತಾ ಕೇಳಿದಳು: "ಆ ನಾಲ್ಕು ಜನ ಬದಲಾಯಿಸಿ ಬರೆದ್ರು ಸರ್. ನಾನೂ ಹಾಗೇ ಬರೆದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ. ಹಾಗೆ ಬರೀಬೇಕಿತ್ತಾ?"

ಇದಕ್ಕೆ ಉತ್ತರ ಕೊಡುವ ಯೋಗ್ಯತೆ ನನಗಿದೆಯೇ ಎಂದು ಅನುಮಾನವಾಯಿತು. ಆದರೂ ಹೇಳಿದೆ, ಬೇಡ, ನೀನು ಮಾಡಿದ್ದೇ ಸರಿ, ನಿನ್ನೆ ಆ ಕೋಣೆಯಲ್ಲಿ ಇದ್ದ ಒಬ್ಬಳೇ ರಸಾಯನಶಾಸ್ತ್ರದವಳು ನೀನು. ಅಪ್ಪ ಕತ್ತಿ ಒರೆಸಿ ಮಡಚಿಟ್ಟರು. ನನ್ನನ್ನು ಒಂದು ಗಳಿಗೆ ನೋಡಿದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಗಡಿಯಾರ ನೋಡಿ ಮಗಳಿಗೆ, ಹೊರಡು, ಹೊತ್ತಾಗುತ್ತೆ ಎಂದರು.

ಹತ್ತು ಇಪ್ಪತ್ತೆಂಟಕ್ಕೆ ಅವಳು ಪ್ರಯೋಗಶಾಲೆಯ ಹೊಸ್ತಿಲು ದಾಟಿದಳು. ನಾನು ಮೊದಲು ಪರೀಕ್ಷಕಿ ಮೇಡಂ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಐದೂ ಚೀಟಿಗಳನ್ನು ತಮ್ಮೆದುರೇ ಮತ್ತೆ ಪರೀಕ್ಷೆ ಮಾಡಿಸಿದರು. 'ಯಾಕೆ'ಗೆ ಇಪ್ಪತ್ತಕ್ಕೆ ಇಪ್ಪತ್ತು ಬಿತ್ತು. ಉಳಿದ ನಾಲ್ವರು ಮೊದಲು ಬರೆದು ಹೊಡೆದುಹಾಕಿದ ಉತ್ತರ ಹಾಳೆಯಲ್ಲೇ ಇತ್ತು, ಅದನ್ನು ನೋಡಿ ಅಂಕ ಹಾಕಿದರು. ಆಮೇಲೆ ಹನ್ನೆರಡೂ ಮಕ್ಕಳ ಮುಂದೆ ನಿಂತು ನಾನು ಆದದ್ದನ್ನು ಹೇಳಿದೆ. ನಾಲ್ಕು ಜನ ತಲೆ ತಗ್ಗಿಸಿದರು. ತಗ್ಗಿಸಬೇಕಾದದ್ದು ನಿಮ್ಮ ತಲೆಯಲ್ಲ ಎಂದೆ.

ಪ್ರಿನ್ಸಿಪಾಲರು ಕಾರಣ ಕೇಳಿ ಪತ್ರ ಕೊಟ್ಟರು. ಅದು ನನ್ನ ಕಡತದಲ್ಲಿ ಇದೆ, ಇರಲಿ. ಉತ್ತರ ಕೊಡಲು ಹೋದಾಗ ಒಂದು ಮಾತು ಕೇಳಿಯೇಬಿಟ್ಟೆ: ಗುಂಪಿನಲ್ಲಿ ದಿನಕ್ಕೆ ಎಷ್ಟು ಸಂದೇಶ ಹಾಕುತ್ತೀರಿ ಸರ್? ಅವರು ತಮ್ಮ ಫೋನು ತೆಗೆದು ಎಣಿಸಿದರು. ಹಿಂದಿನ ದಿನದ್ದೇ ನಲವತ್ಮೂರು. ಅದರಲ್ಲಿ ತುರ್ತಿನದು ಒಂದು, ಅದೂ ನೀರಿನ ಟ್ಯಾಂಕಿನ ವಿಷಯ. ಅವರು ಸ್ವಲ್ಪ ಹೊತ್ತು ಮೀಸೆ ತಿರುವಿದರು. ಅವತ್ತಿನಿಂದ ನಮ್ಮಲ್ಲಿ ನೋಟಿಸು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ತುರ್ತಿದ್ದರೆ ಆಫೀಸಿನಿಂದ ಆಳು ಬರುತ್ತಾನೆ. ಆಕಾಶವೇನೂ ಕಳಚಿ ಬಿದ್ದಿಲ್ಲ.

ನನ್ನ ಪುಟದಲ್ಲೂ ಬರೆದೆ: ಇಟ್ಟಿಗೆ ಹಸಿರಾಗಿ ಕಂಡದ್ದಲ್ಲ, ಮೇಷ್ಟ್ರು ಕುರುಡಾಗಿದ್ದ. ಹಂಗಿಸಿದ್ದಕ್ಕೆ ನಾನೂರ ಹನ್ನೆರಡು ಮೆಚ್ಚುಗೆ ಸಿಕ್ಕಿತ್ತಲ್ಲ, ಕ್ಷಮೆಗೆ ಸಿಕ್ಕಿದ್ದು ಒಂಬತ್ತು. ಅದರಲ್ಲಿ ಒಂದು ಹೆಂಡತಿಯದು, ಒಂದು ಸೀಸೆ ಅಕ್ಕನದು. ಪುಟ ಮುಚ್ಚಿಲ್ಲ. ವಾರಕ್ಕೊಂದು ವಿಡಿಯೋ ಹಾಕುತ್ತೇನೆ, ಶನಿವಾರ, ಕೆಲಸ ಮುಗಿದ ಮೇಲೆ. ಮಕ್ಕಳಿಗೆ ಅದರಿಂದ ಉಪಯೋಗವೂ ಇದೆ. ಕೆಟ್ಟದ್ದು ಫೋನಲ್ಲ, ಅದಕ್ಕೆ ಹೊತ್ತುಗೊತ್ತು ಇಲ್ಲದ್ದು. ಅಮ್ಮ ಇದನ್ನು ಕೇಳಿ, "ಅಂತೂ ನಿನಗೂ ಶಿಫ್ಟ್ ಹಾಕಿದ್ರು ಬಿಡು" ಎಂದು ನಕ್ಕಳು. ಈಗ ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರ ಫೋನೂ ಅಮ್ಮನ ಹಳೆಯ ಹೊಲಿಗೆ ಪೆಟ್ಟಿಗೆಯಲ್ಲಿ. ಬೀಗದ ಕೈ ಅವಳ ಸೊಂಟದಲ್ಲಿ. ಹೆಂಡತಿ ಮೊದಲ ದಿನ ನನಗಿಂತ ಜಾಸ್ತಿ ಚಡಪಡಿಸಿದಳು, ಅದನ್ನು ನೋಡಿ ನನಗೆ ಬಹಳ ಸಂತೋಷವಾಯಿತು.

ಗೆದ್ದೆ ಎಂದು ಹೇಳುತ್ತಿಲ್ಲ. ಈಗಲೂ ಕೈ ಹೊರಡುತ್ತದೆ. ಅಕ್ಕನ ಗೋಡೆಯ ಮೇಲಿನ ಮೂವತ್ತೊಂದು ಗೆರೆ ಅಳಿಸಿಲ್ಲ, ಅಳಿಸಬೇಡಿ ಎಂದು ನಾನೇ ಹೇಳಿದ್ದೇನೆ.

ಆ ಎರಡನೇ ದಿನದ ಒಂದು ಗಳಿಗೆ ಮಾತ್ರ ಹೇಳಿ ಮುಗಿಸುತ್ತೇನೆ. ಗಾಜಿನ ಕೊಳವೆಯಿಂದ ದ್ರಾವಣ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಒಂದು ತೊಟ್ಟಿನಲ್ಲಿ ಬಣ್ಣ ಬದಲಾಗುತ್ತದೆ, ಆ ತೊಟ್ಟು ತಪ್ಪಿದರೆ ಮತ್ತೆ ಮೊದಲಿನಿಂದ ಮಾಡಬೇಕು. 'ಯಾಕೆ' ತಲೆ ಎತ್ತಿ ನನ್ನ ಕಡೆ ನೋಡಿದಳು. ನಿನ್ನೆಯ ಹಾಗೇ ಕರೆದಳು, ಆದರೆ ದನಿಯಲ್ಲಿ ಸ್ವಲ್ಪ ಹೆದರಿಕೆ ಇತ್ತು.

"ಸರ್, ಒಂದು ಸಲ ಬಂದು ನೋಡ್ತೀರಾ?"

ನನ್ನ ಕೈ ಜೇಬಿಗೆ ಹೋಯಿತು. ಜೇಬು ಖಾಲಿ. ನಾಲ್ಕೇ ಹೆಜ್ಜೆ. ನಡೆದು ಹೋಗಿ ಅವಳ ಪಕ್ಕ ಬಗ್ಗಿ ನಿಂತೆ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ತೊಟ್ಟು ಬಿತ್ತು, ತಿಳಿ ಗುಲಾಬಿ ಬಣ್ಣ ಬಂದು ನಿಂತಿತು.

"ನಿನಗೆ ಏನು ಕಾಣ್ತು?" ಎಂದೆ.

"ಗುಲಾಬಿ" ಎಂದಳು.

"ಹಾಗಾದ್ರೆ ಅದನ್ನೇ ಬರಿ" ಎಂದೆ.

ಅಧ್ಯಾಪಕ ಮಿತ್ರರೇ, ನಿಮ್ಮ ತರಗತಿಯಲ್ಲೂ ಈ ಹೊತ್ತು ಯಾರೋ ಒಬ್ಬರು ಬಂದು ನೋಡಿ ಎಂದು ಕರೆಯುತ್ತಿರುತ್ತಾರೆ. ಪಾಠಕ್ಕೆ, ಪ್ರಯೋಗಕ್ಕೆ, ಉತ್ತರಪತ್ರಿಕೆಗೆ ಕೂರುವ ಮುಂಚೆ ಫೋನಿನ ಸದ್ದು ಅಡಗಿಸಿ, ಕೈಗೆ ಎಟುಕದ ಒಂದು ಡಬ್ಬಿಯಲ್ಲಿ ಇಡಿ. ನೋಡಲು ದಿನಕ್ಕೆ ಎರಡು ಹೊತ್ತು ಗೊತ್ತು ಮಾಡಿಕೊಳ್ಳಿ. ನಿಮ್ಮ ಕಾಲೇಜಿನ ಗುಂಪಿಗೂ ಹೊತ್ತು ಗೊತ್ತು ಮಾಡಿ ಎಂದು ನಿಮ್ಮ ಪ್ರಿನ್ಸಿಪಾಲರನ್ನು ಕೇಳಿ, ಅವರೂ ಎಣಿಸಲಿ. ಬರೆದ ಪಟ್ಟಿಯನ್ನು ಒಂದು ಸಲ ಗಟ್ಟಿಯಾಗಿ ಓದಿ ಹೇಳಿ. ಯಾರಾದರೂ ನಿಮ್ಮನ್ನು ಎಚ್ಚರಿಸಿದರೆ, ಅವರು ಅಟೆಂಡರ್ ಇರಲಿ ಅಮ್ಮ ಇರಲಿ, ನಿಮಗೆ ಗೊತ್ತಾಗುವುದಿಲ್ಲ ಅನ್ನಬೇಡಿ. ಈ ಹಾಳೆಯನ್ನು ಕೆಳಗಿಟ್ಟ ಮೇಲೆ ನಿಮ್ಮ ಕೈ ಎಲ್ಲಿಗೆ ಹೋಗುತ್ತದೆ ನೋಡಿಕೊಳ್ಳಿ, ಅದಕ್ಕಿಂತ ಮುಂಚೆ ನಿಮ್ಮ ಕಾಲು ಆ ನಾಲ್ಕು ಹೆಜ್ಜೆ ಇಡಲಿ.